ಲ್ಯಾದರ್, ಸಡ್ಸ್, ಫ್ರಾತ್, ಫೋಮ್: ಎಲ್ಲಕ್ಕೂ ನೊರೆ ಅಂತಲೇ ಬರೆಯೋದಾ?

ಡಿಟಿಪಿ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಂಡಿಪೇಟೆ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಏನು ಬಂದರೂ ಟೈಪ್ ಮಾಡಿಕೊಡೋದು. ಇಂಗ್ಲಿಷಿನಲ್ಲಿ ತಂದರೆ ಕನ್ನಡ ಮಾಡೋದೂ ನನ್ನ ತಲೆಗೇ.

ಈ ವಾರ ಮೂರು ಕೆಲಸ ಒಟ್ಟಿಗೆ ಬಂದವು. ಮನೆಯಲ್ಲೇ ಸೋಪಿನ ಪುಡಿ ಮಾಡಿ ಮಾರುವವರ ಪ್ಯಾಕೆಟ್ಟು. ಅದರಲ್ಲಿ ಒಂದು ಕಡೆ ಲ್ಯಾದರ್, ಇನ್ನೊಂದು ಕಡೆ ಸಡ್ಸ್. ಆಮೇಲೆ ಹೊಸ ಕಾಫಿ ಅಂಗಡಿಯ ದರಪಟ್ಟಿ. ಅಲ್ಲಿ ‘ಎಕ್ಸ್‌ಟ್ರಾ ಫ್ರಾತ್’. ಕೊನೆಗೆ ಹಾಸಿಗೆ ಅಂಗಡಿಯ ಕರಪತ್ರ. ಅಲ್ಲಿ ಫೋಮ್. ಮೊಬೈಲಿನಲ್ಲಿ ಹಾಕಿ ನೋಡಿದೆ, ನಾಲ್ಕಕ್ಕೂ ನೊರೆ ಅಂತ ಬಂತು. ಅವಸರದಲ್ಲಿ ಹಾಗೇ ಹಾಕಿ ಪ್ರೂಫ್ ಕಳಿಸಿದೆ.

ಹಾಸಿಗೆ ಅಂಗಡಿಯವರು ಫೋನ್ ಮಾಡಿದರು. ‘ಏನಮ್ಮಾ, ಹೆಚ್ಚು ಸಾಂದ್ರತೆಯ ನೊರೆ ಹಾಸಿಗೆ ಅಂತ ಬರೆದಿದ್ದೀಯಲ್ಲ, ಜನ ಮಲಗಬೇಕೋ ಮುಳುಗಬೇಕೋ?’

ನಗಬೇಡಿ. ಕನ್ನಡದಲ್ಲಿ ನೊರೆಗೆ ಬೇರೆ ಪದಗಳೇ ಇಲ್ವಾ? ಇಂಗ್ಲಿಷಿನಲ್ಲಿ ಇಷ್ಟೊಂದು ಇವೆಯಲ್ಲ, ಅವುಗಳ ನಡುವೆ ವ್ಯತ್ಯಾಸ ಏನು?

ಬೆಣ್ಣೆ ಕಾವಲಿ

ಮುಳುಗೋದೇ ಒಳ್ಳೇದು ತಂಗಿ. ನಮ್ಮೂರ ಬೇಸಿಗೆಗೆ ಸರಿಯಾಗುತ್ತೆ.

ನಿವೃತ್ತ ಇಂಗ್ಲಿಷ್ ಮೇಡಂ

ಮೊದಲು ಇಂಗ್ಲಿಷಿನ ಕಡೆಯಿಂದ ಹೇಳುತ್ತೇನಮ್ಮ.

ಫೋಮ್ ಇವರೆಲ್ಲರಿಗೂ ದೊಡ್ಡಣ್ಣ. ಕಡಲ ನೊರೆಗೂ ಅದೇ, ಬೆಂಕಿ ಆರಿಸುವ ಸಿಲಿಂಡರಿನಿಂದ ಬರುವುದಕ್ಕೂ ಅದೇ. ಗುಳ್ಳೆ ಸಣ್ಣ, ಒತ್ತಾಗಿ ಕೂತಿರುತ್ತವೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಗಟ್ಟಿಯಾದ ಮೇಲೂ ಅದು ಫೋಮ್ ಆಗಿಯೇ ಉಳಿಯುತ್ತದೆ. ನಿಮ್ಮ ಹಾಸಿಗೆಯ ತೊಂದರೆ ಇಲ್ಲೇ ಇರೋದು.

ಫ್ರಾತ್ ಅಂದರೆ ಮೇಲೆ ತೇಲುವ ಹಗುರ ನೊರೆ. ಹಾಲು, ಕಾಫಿ, ಬಿಯರ್ ಇವುಗಳ ಮೇಲಿನದು. ಬಿಯರಿನ ಮೇಲೆ ಕಟ್ಟುವ ನೊರೆಗೆ ‘ಹೆಡ್’ ಅಂತ ಬೇರೆಯೇ ಹೆಸರೂ ಉಂಟು. ಫ್ರಾತ್‌ನಲ್ಲಿ ಸ್ವಲ್ಪ ತಾತ್ಸಾರವೂ ಇದೆ. ಮಾತಿನಲ್ಲಿ ಹುರುಳಿಲ್ಲದಿದ್ದರೆ ಅದನ್ನೂ ಫ್ರಾತ್ ಅಂತಾರೆ.

ಲ್ಯಾದರ್ ತಾನಾಗಿ ಆಗುವುದು ಕಡಿಮೆ, ಉಜ್ಜಿ ಬರಿಸಬೇಕು. ಸೋಪು ಬೇಕು, ಕೈ ಬೇಕು. ಕ್ಷೌರದ ಬ್ರಷ್ಷಿನಲ್ಲಿ ಕೆನ್ನೆಗೆ ಬರಿಸುತ್ತಾರಲ್ಲ, ಅದು ಅಪ್ಪಟ ಲ್ಯಾದರ್. ಓಡಿ ಓಡಿ ಬೆವತ ಕುದುರೆಯ ಮೈಮೇಲೆ ಬಿಳಿ ನೊರೆ ಬರುತ್ತದೆ. ಅದಕ್ಕೂ ಇದೇ ಪದ. ಕುದುರೆಯ ಬೆವರಿನಲ್ಲಿ ಸೋಪಿನ ಹಾಗೆ ಕೆಲಸ ಮಾಡುವ ಒಂದು ಪ್ರೋಟೀನು ಇದೆ. ಅದಕ್ಕೆ ಲ್ಯಾದರಿನ್ ಅಂತಲೇ ಹೆಸರಿಟ್ಟಿದ್ದಾರೆ.

ಸಡ್ಸ್ ಬರೀ ನೊರೆ ಅಲ್ಲ. ನೊರೆ ತುಂಬಿದ ಸೋಪಿನ ನೀರು. ಯಾವಾಗಲೂ ಬಹುವಚನ. ಅಮೆರಿಕದವರು ಆಡುಮಾತಿನಲ್ಲಿ ಬಿಯರಿಗೂ ಸಡ್ಸ್ ಅಂತಾರೆ, ನಿಮ್ಮ ಪ್ಯಾಕೆಟ್ಟಿಗೆ ಅದು ಬೇಡ.

ಇನ್ನು ಸ್ಕಮ್. ಕೊಳೆ ಸೇರಿ ಮೇಲೆ ಕಟ್ಟಿದ ನೊರೆ. ಮನುಷ್ಯರಿಗೆ ಅಂದರೆ ಕೆಟ್ಟ ಬೈಗುಳ.

ಮೂಲ ನೋಡಿದರೆ ಇನ್ನೂ ಮಜಾ ಇದೆ. ಹಳೇ ಇಂಗ್ಲಿಷಿನಲ್ಲಿ ಲ್ಯಾದರ್ ಅಂದರೆ ನೊರೆ ಆಗಿರಲಿಲ್ಲ, ತೊಳೆಯುವ ಸೋಡಾ ಆಗಿತ್ತು. ಸ್ಕಮ್ ಡಚ್ಚರ ಕಡೆಯಿಂದ ಬಂದದ್ದು, ಅಲ್ಲಿ ಅದಕ್ಕೆ ಬರೀ ನೊರೆ ಅಂತಷ್ಟೇ ಅರ್ಥ. ಒಂದೇ ಪದ ಊರು ಬಿಟ್ಟ ಮೇಲೆ ಬೈಗುಳ ಆಯಿತು ನೋಡಿ. ಫೋಮ್‌ಗೂ ಸಂಸ್ಕೃತದ ಫೇನಕ್ಕೂ ಲ್ಯಾಟಿನ್ನಿನ ಸ್ಪೂಮಾಗೂ ಒಂದೇ ಬೇರು, ಮೂವರೂ ದಾಯಾದಿಗಳು. ನಮ್ಮ ನೊರೆ ಆ ಮನೆತನದ್ದಲ್ಲ. ತಮಿಳಿನ ನುರೈ, ತೆಲುಗಿನ ನುರುಗು, ಮಲಯಾಳದ ನುರ ಇದರ ಒಡಹುಟ್ಟಿದವರು.

ದುರ್ಗದ ಬಂಡೆ

ಫೇನ ಅಂದಿದ್ದಕ್ಕೆ ನಮುಚಿ ಅನ್ನೋ ಅಸುರನ ಕತೆ ನೆನಪಾಯಿತು ಮೇಡಂ. ಹಸಿಯಾದ ವಸ್ತುವಿನಿಂದಲೂ ಸಾಯಬಾರದು, ಒಣಗಿದ ವಸ್ತುವಿನಿಂದಲೂ ಸಾಯಬಾರದು, ಹಗಲೂ ಆಗಬಾರದು, ರಾತ್ರಿಯೂ ಆಗಬಾರದು ಅಂತ ಅವನಿಗೂ ಇಂದ್ರನಿಗೂ ಒಪ್ಪಂದ. ಇಂದ್ರ ಬೆಳಗಿನ ಮಬ್ಬಿನಲ್ಲಿ ನೀರಿನ ನೊರೆ ತಗೊಂಡು ತಲೆ ಹಾರಿಸಿದ. ನೊರೆಯಿಂದ ನಮುಚಿಯ ತಲೆ ತೆಗೆದ ಮಾತು ಋಗ್ವೇದದಲ್ಲೇ ಇದೆ, ಕರಾರಿನ ಕತೆಯನ್ನು ಆಮೇಲಿನವರು ಬೆಳೆಸಿದರು. ನೊರೆ ಹಸಿಯೋ ಒಣಗಿದ್ದೋ ಅಂತ ಅಷ್ಟು ಹಿಂದೆಯೇ ತಲೆ ಕೆಡಿಸಿಕೊಂಡಿದ್ದರು ಅಂದಹಾಗಾಯಿತು.

ಇನ್ನೊಂದು. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರಫೇನ ಅಂತ ಕೇಳಿ ನೋಡಿ. ಹಗುರವಾದ ಬಿಳಿ ಬಿಲ್ಲೆ ಕೊಡುತ್ತಾರೆ. ನೊರೆಯೂ ಅಲ್ಲ ಗಿರೆಯೂ ಅಲ್ಲ. ಕಟಲ್‌ಫಿಶ್ ಅನ್ನುವ ಕಡಲ ಪ್ರಾಣಿಯ ಮೈಯೊಳಗಿನ ಚಿಪ್ಪು. ನೀರಿನ ಮೇಲೆ ತೇಲಿ ದಡಕ್ಕೆ ಬರುತ್ತದೆ, ನೋಡಿದವರು ನೊರೆ ಗಟ್ಟಿಯಾಗಿದೆ ಅಂದುಕೊಂಡರು.

ಡಿಟಿಪಿ ದಾವಣಗೆರೆ

ಚೆನ್ನಾಗಿದೆ ಸರ್. ಆದರೆ ಸೋಪಿನ ಪುಡಿ ಪ್ಯಾಕೆಟ್ ಮೇಲೆ ಇಂದ್ರನನ್ನು ಕೂರಿಸೋಕೆ ಆಗಲ್ಲ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು.

ಬುತ್ತಿ ಬಾಯಿ

ನಮ್ಮ ಅಜ್ಜಿ ನೊರೆ ಅನ್ನುತ್ತಿರಲಿಲ್ಲ, ಬುರುಗು ಅನ್ನುತ್ತಿದ್ದರು. ‘ಬೇಳೆ ಬುರುಗು ತೆಗಿಯೇ’ ಅಂತ ಕೂಗೋರು. ಇಷ್ಟು ಚಂದದ ಪದ ಇರುವಾಗ ಬಳಸಿ. ಫೋಮ್ ಹಾಸಿಗೆಗೆ ಬುರುಗು ಹಾಸಿಗೆ ಅನ್ನಿ. ಅಚ್ಚ ಕನ್ನಡ.

ಅರಳೆ ಮಂಡಿ

ಅಕ್ಕಾ, ದಯವಿಟ್ಟು ಬೇಡ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಅರಳೆ ವ್ಯಾಪಾರ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ಗಿರಣಿ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಮನೆ ನಮ್ಮದು. ಬುರುಗು ಹಾಸಿಗೆ ಅಂತ ಹಾಕಿದರೆ ಇಲ್ಲಿನ ಹಳಬರು ಬೂರುಗದ ಹಾಸಿಗೆ ಅಂತಲೇ ಓದುತ್ತಾರೆ. ಬೂರುಗದ ಮರದ ಕಾಯಿ ಒಡೆದರೆ ರೇಷ್ಮೆ ತರ ಅರಳೆ ಬರುತ್ತದೆ. ದಿಂಬಿಗೆ, ಹಾಸಿಗೆಗೆ ತುಂಬುತ್ತಿದ್ದರು. ಈಗ ಅದರ ಬೆಲೆ ಜಾಸ್ತಿ. ಫೋಮ್ ಕೊಟ್ಟು ಬೂರುಗ ಅಂದಹಾಗಾದರೆ ಗಿರಾಕಿ ಅಂಗಡಿ ಮುಂದೆ ಜಗಳ ತೆಗೀತಾನೆ.

ಹಾಸಿಗೆಯ ಫೋಮ್ ಅಂದರೆ ಪಾಲಿಯುರೆಥೇನ್. ಎರಡು ರಾಸಾಯನಿಕ ಬೆರೆಸಿದಾಗ ಒಳಗೇ ಗಾಳಿ ಹುಟ್ಟಿ, ದೋಸೆ ಹಿಟ್ಟಿನ ಹಾಗೆ ಉಬ್ಬಿ, ಹಾಗೇ ಗಟ್ಟಿಯಾಗುತ್ತದೆ. ಹುಟ್ಟುವಾಗ ನೊರೆಯೇ, ಒಪ್ಪೋಣ. ಆದರೆ ಅಂಗಡಿಗೆ ಬರುವಾಗ ಅದು ಸ್ಪಂಜು. ಗಿರಾಕಿಗಳೇ ‘ಫೋಮಿಂದು ಕೊಡಿ’ ಅಂತ ಕೇಳುತ್ತಾರೆ. ಫೋಮ್ ಅಂತಲೇ ಬಿಡಿ.

ಬುತ್ತಿ ಬಾಯಿ

ಬೂರುಗದ ವಿಷಯ ಹೊಳೆದಿರಲಿಲ್ಲ. ಹಾಸಿಗೆ ಬಿಟ್ಟೆ. ಬೇಳೆಗೆ ಮಾತ್ರ ಬಿಡಲ್ಲ.

ಬೆಣ್ಣೆ ಕಾವಲಿ

ಈಗ ನನ್ನ ಸರದಿ. ನಾನು ಹೋಟೆಲಿನವನು. ಬೆಳಗ್ಗೆ ನಾಲ್ಕಕ್ಕೆ ಎದ್ದು ನೊರೆ ನೋಡೋದೇ ನನ್ನ ಕೆಲಸ.

ನಮ್ಮಲ್ಲಿ ಪದ ಕಡಿಮೆ ಅಂತ ಯಾಕೆ ಬೇಜಾರು ತಂಗಿ? ಹೆಸರು ಒಂದೇ ಇರಬಹುದು, ಅದು ಮಾಡೋ ಕೆಲಸ ನೋಡಿ. ಹಾಲು ನೊರೆ ಉಕ್ಕುತ್ತದೆ. ಸೋಪು ನೊರೆ ಬಿಡುತ್ತದೆ. ಬೇಳೆ ಕುದಿಯುವಾಗ ನೊರೆ ಕಟ್ಟುತ್ತದೆ. ಕಾಫಿಗೆ ನಾವು ನೊರೆ ಎಬ್ಬಿಸುತ್ತೇವೆ. ದುಡಿದು ಸುಸ್ತಾದ ಎತ್ತು ನೊರೆ ಸುರಿಸುತ್ತದೆ. ಮಳೆಗಾಲದ ಹೊಳೆ ನೊರೆ ಕಾರುತ್ತದೆ. ಇಂಗ್ಲಿಷಿನವರು ಹೆಸರು ಬದಲಿಸಿದರು, ನಾವು ಕ್ರಿಯಾಪದ ಬದಲಿಸಿದೆವು. ‘ನೊರೆ ಕಟ್ಟಿದೆ’ ಅಂದರೆ ಸಾಕು, ನಮ್ಮ ಹುಡುಗ ಸೌಟು ತಗೊಂಡು ಓಡುತ್ತಾನೆ. ‘ನೊರೆ ಉಕ್ಕಿದೆ’ ಅಂದರೆ ಒಲೆ ಸಣ್ಣ ಮಾಡುತ್ತಾನೆ. ಒಂದೇ ಪದಕ್ಕೆ ಎರಡು ಓಟ.

ಬೆಣ್ಣೆ ಕಾಯಿಸೋದು ನೋಡಿದ್ದೀರಾ? ಅಂಗಡಿ ಬೆಣ್ಣೆಯಲ್ಲೂ ನೂರಕ್ಕೆ ಹದಿನಾರರಷ್ಟು ನೀರು ಇರುತ್ತದೆ, ಮನೆ ಬೆಣ್ಣೆಯಲ್ಲಿ ಇನ್ನೂ ಜಾಸ್ತಿ. ಕಾದಾಗ ಮೊದಲು ಆ ನೀರು ಆವಿಯಾಗಿ ದೊಡ್ಡ ದೊಡ್ಡ ಗುಳ್ಳೆಯ ನೊರೆ ಏಳುತ್ತದೆ. ಚಟಪಟ ಸದ್ದು. ನೀರು ಹೋದ ಮೇಲೆ ಸದ್ದು ಅಡಗುತ್ತದೆ, ನೊರೆ ಇಳಿಯುತ್ತದೆ. ಹೊಸಬರು ಇಲ್ಲಿ ಮೋಸ ಹೋಗುತ್ತಾರೆ. ಸ್ವಲ್ಪ ತಾಳಿದರೆ ಎರಡನೇ ಸಲ ನೊರೆ ಬರುತ್ತದೆ, ಸಣ್ಣ ಗುಳ್ಳೆ, ಸದ್ದೇ ಇಲ್ಲ, ತಳದ ಗಸಿ ಕೆಂಪಗಾಗಿರುತ್ತದೆ. ಒಲೆ ಆರಿಸಬೇಕಾದ್ದು ಆಗ. ಈ ಎರಡು ನೊರೆಗೂ ಬೇರೆ ಬೇರೆ ಹೆಸರು ಇಂಗ್ಲಿಷಿನಲ್ಲಿ ಇದೆಯಾ ಮೇಡಂ?

ದೋಸೆ ಹಿಟ್ಟು ಇನ್ನೊಂದು ಕತೆ. ರಾತ್ರಿಯಿಡೀ ಹುಳಿ ಬಂದು ಒಳಗೆಲ್ಲ ಗುಳ್ಳೆ ತುಂಬಿರುತ್ತದೆ. ಲೆಕ್ಕಕ್ಕೆ ಅದೂ ನೊರೆಯೇ. ಆದರೆ ಯಾರೂ ಹಿಟ್ಟು ನೊರೆ ಬಂದಿದೆ ಅನ್ನಲ್ಲ, ಉಬ್ಬಿದೆ ಅಂತಾರೆ. ಕಾವಲಿ ಮೇಲೆ ಹಾಕಿದರೆ ಅದೇ ಗುಳ್ಳೆ ಒಡೆದು ತೂತು. ಎಲ್ಲರ ಮನೆ ದೋಸೆನೂ ತೂತೇ ಅಂತಾರಲ್ಲ, ಅದಕ್ಕೆಲ್ಲ ಈ ಗುಳ್ಳೆಯೇ ಕಾರಣ.

ನಿವೃತ್ತ ಇಂಗ್ಲಿಷ್ ಮೇಡಂ

ಎರಡಕ್ಕೂ ಫೋಮ್ ಅಂತಲೇ ಬರೆಯುತ್ತಾರಪ್ಪ, ಮೊದಲನೇದು ಎರಡನೇದು ಅಂತ ಎಣಿಸಿಕೊಂಡು. ಕ್ರಿಯಾಪದದ ಮಾತು ಸರಿಯಾಗಿದೆ. ನಲವತ್ತು ವರ್ಷ ಪಾಠ ಮಾಡಿದವಳಿಗೆ ಹೊಳೆಯಲಿಲ್ಲ ನೋಡಿ.

ಚಳ್ಳಕೆರೆ ಗಾಣ

ಎಣ್ಣೆ ಊರಿನವನು, ಒಂದು ಮಾತು ಸೇರಿಸುತ್ತೇನೆ. ಮಿರ್ಚಿ ಬೋಂಡ ಬಿಟ್ಟಾಗ ಬರುವ ಗುಳ್ಳೆ ನೊರೆ ಅಲ್ಲ, ಹಿಟ್ಟಿನ ನೀರು ಆವಿಯಾಗೋದು. ಬೋಂಡ ಬೇಯುತ್ತಾ ಬಂದ ಹಾಗೆ ಅದು ತಾನೇ ಕಡಿಮೆಯಾಗುತ್ತದೆ. ಕಾದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದು ಕೆಟ್ಟು ಮಂದವಾಗುತ್ತದೆ. ಆಗ ಬರುವ ನೊರೆ ಅಂಚಿನ ತನಕ ಏರುತ್ತದೆ, ಬೇಗ ಇಳಿಯೋದೂ ಇಲ್ಲ. ಮಂಡಕ್ಕಿ ಮಿರ್ಚಿ ತಿನ್ನೋ ಮುಂಚೆ ಬಾಣಲೆ ಕಡೆ ಒಂದು ಸಲ ಕಣ್ಣು ಹಾಯಿಸಿ.

ಬೆಣ್ಣೆ ಕಾವಲಿ

ಗಿರಾಕಿಗಳನ್ನು ಓಡಿಸಬೇಡಿ ಅಣ್ಣ.

ಹಿರಿಯೂರು ಬೋರ್‌ವೆಲ್

ಪ್ಯಾಕೆಟ್ಟಿನವರಿಗೆ ಒಂದು ಎಚ್ಚರಿಕೆ ಹೇಳಿ. ‘ಸಮೃದ್ಧ ನೊರೆ’ ಅಂತ ಬರೆದು ಚಿತ್ರದುರ್ಗದ ಕಡೆ ಮಾರಿದರೆ ಮಾತು ಕೇಳಬೇಕಾದೀತು. ನಮ್ಮ ಬೋರಿನ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜತೆ ಸೇರಿ ಬಿಳಿ ಚೂರಾಗುತ್ತದೆ. ಬಕೆಟ್ ಅಂಚಿಗೆ ಜಿಡ್ಡು ಹತ್ತುತ್ತದೆ. ಮೇಡಂ ಹೇಳಿದ ಸ್ಕಮ್ ನಮ್ಮ ಬಚ್ಚಲಲ್ಲಿ ದಿನಾ ಸಿಗುತ್ತದೆ. ಸೋಪು ಅರ್ಧ ಸವೆದರೂ ನೊರೆ ಇಲ್ಲ. ಡಿಟರ್ಜೆಂಟ್ ಪುಡಿಗೆ ಅಷ್ಟು ತೊಂದರೆ ಇಲ್ಲ, ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ. ಅವರದು ಸೋಪಿನ ಪುಡಿಯೋ ಡಿಟರ್ಜೆಂಟೋ ಮೊದಲು ಕೇಳಿಕೊಳ್ಳಿ.

ನಮ್ಮಮ್ಮ ರೇಷ್ಮೆ ಸೀರೆಗೆ ಈಗಲೂ ಅಂಟುವಾಳವೇ. ಕೆಲವರು ನೊರೆಕಾಯಿ ಅಂತಾರೆ ಅದಕ್ಕೆ. ಬೀಜ ತೆಗೆದು ಸಿಪ್ಪೆ ನೆನೆಸಿ ಕಿವುಚಿದರೆ ಸಾಕು. ಅದರಲ್ಲೂ ಸೀಗೆಯಲ್ಲೂ ಇರೋದು ಸಪೋನಿನ್ ಅನ್ನೋ ನೊರೆ ಬರಿಸುವ ಅಂಶ. ನೊರೆ ಡಿಟರ್ಜೆಂಟಿನಷ್ಟು ಬರಲ್ಲ, ಕೊಳೆ ಮಾತ್ರ ಹೋಗುತ್ತದೆ. ನೊರೆ ಬಂದಷ್ಟೂ ಬಟ್ಟೆ ಚೊಕ್ಕ ಅನ್ನೋದು ಜಾಹೀರಾತು ಕಲಿಸಿದ ಪಾಠ. ಮುಂದೆ ಬಾಗಿಲಿರುವ ವಾಷಿಂಗ್ ಮಷೀನಿಗೆ ನೊರೆ ಕಡಿಮೆ ಬರುವ ಪುಡಿಯನ್ನೇ ಹಾಕಬೇಕು. ನೊರೆ ಜಾಸ್ತಿಯಾದರೆ ಬಟ್ಟೆ ಒಂದಕ್ಕೊಂದು ಬಡಿದು ಉಜ್ಜಿಕೊಳ್ಳೋದೇ ಇಲ್ಲ.

ಆ ನೊರೆಯೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಬೆಂಗಳೂರಿನವರನ್ನು ಕೇಳಿ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಅಂಟುತ್ತಿತ್ತು. ಟಿವಿಯಲ್ಲಿ ನೋಡಿ ನಮ್ಮಜ್ಜ ಹಿಮ ಬಿದ್ದಿದೆ ಅಂದುಕೊಂಡಿದ್ದರು.

ದುರ್ಗದ ಬಂಡೆ

ಹಿರಿಯೂರಿನವರು ನಿಮ್ಮ ವಾಣಿ ವಿಲಾಸ ಸಾಗರ ಅಣೆಕಟ್ಟಿನ, ಅದೇ ಮಾರಿಕಣಿವೆಯ, ಮಾತು ಬಿಟ್ಟು ಬೆಳ್ಳಂದೂರಿಗೆ ಹೋದಿರಲ್ಲ! 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ನಾನು ಹೋಗಿದ್ದೆ. 1933ರ ನಂತರ ಅದೇ ಮೊದಲು. 89 ವರ್ಷ. ಕೋಡಿ ಮೇಲಿಂದ ನೀರು ಬೀಳುವಲ್ಲಿ ಬೆಳ್ಳಗೆ ನೊರೆ. ಪಕ್ಕದಲ್ಲಿದ್ದ ಮುದುಕರೊಬ್ಬರು ‘ಹಾಲು ಹರಿದಂಗೆ ಹರೀತೈತಿ ನೋಡು’ ಅಂದರು. ಅಲ್ಲಿ ನೊರೆ ಅನ್ನೋ ಪದವೇ ಯಾರ ಬಾಯಲ್ಲೂ ಬರಲಿಲ್ಲ. ಬರದ ನಾಡಿನವರಿಗೆ ಅದು ಹಾಲೇ.

ಹಿರಿಯೂರು ಬೋರ್‌ವೆಲ್

ನಾನೂ ಅವತ್ತು ಅಲ್ಲೇ ಇದ್ದೆ ಸರ್. ಜನ ಎಷ್ಟಿತ್ತು ಅಂದರೆ ನೀರಿಗಿಂತ ತಲೆಗಳೇ ಜಾಸ್ತಿ ಕಂಡವು.

ಷೇರುಪೇಟೆ ಕಲಿಕೆ

ಒಂದು ಅಡ್ಡ ಪ್ರಶ್ನೆ. ಷೇರು ಸುದ್ದಿಯಲ್ಲಿ ‘ಮಾರುಕಟ್ಟೆಯಲ್ಲಿ ಫ್ರಾತ್ ಇದೆ’ ಅಂತ ಬರುತ್ತದಲ್ಲ, ಅದಕ್ಕೆ ಏನನ್ನಬೇಕು? 2005ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಅಲನ್ ಗ್ರೀನ್‌ಸ್ಪಾನ್ ಮನೆಗಳ ಬೆಲೆ ಬಗ್ಗೆ ಈ ಪದ ಬಳಸಿದ್ದರು. ಗುಳ್ಳೆ ಅನ್ನಲು ಮನಸ್ಸಿಲ್ಲದೆ ನೊರೆ ಅಂದರು ಅಂತ ಕಾಣುತ್ತದೆ. ಆಮೇಲೆ ಮನೆಗಳ ಬೆಲೆ ಕುಸಿದದ್ದು ಗೊತ್ತೇ ಇದೆ.

ಬುತ್ತಿ ಬಾಯಿ

ಜೊಳ್ಳು. ಭದ್ರಾ ನಾಲೆ ಬಯಲಲ್ಲಿ ಭತ್ತ ಬೆಳೆಯೋ ಯಾರನ್ನಾದರೂ ಕೇಳಿ. ನೋಡೋಕೆ ರಾಶಿ ದೊಡ್ಡದು, ತೂರಿದರೆ ಗಾಳಿಗೆ ಹೋಗುತ್ತದೆ. ‘ಪೇಟೆಯಲ್ಲಿ ಜೊಳ್ಳು ಜಾಸ್ತಿ ಇದೆ’ ಅಂದರೆ ರೈತನಿಗೂ ಅರ್ಥ ಆಗುತ್ತೆ.

ಷೇರುಪೇಟೆ ಕಲಿಕೆ

ಅಕ್ಕಾ, ಇದು ನನಗೆ ತುಂಬಾ ಹಿಡಿಸಿತು. ನನ್ನ ಷೇರುಗಳಿಗೂ ಸರಿಯಾಗಿ ಹೊಂದುತ್ತದೆ.

ನಿವೃತ್ತ ಇಂಗ್ಲಿಷ್ ಮೇಡಂ

ಹೀಗೇ ಇನ್ನೊಂದು ಹಳ್ಳ ಇದೆ, ಅನುವಾದ ಮಾಡುವ ಹುಡುಗರು ಬೀಳುವುದು. ಇಂಗ್ಲಿಷಿನಲ್ಲಿ ಒಬ್ಬನ ಬಾಯಲ್ಲಿ ನೊರೆ ಬಂತು ಅಂದರೆ ಅವನಿಗೆ ವಿಪರೀತ ಸಿಟ್ಟು ಬಂದಿದೆ ಅಂತಲೂ ಅರ್ಥ. ನಮ್ಮಲ್ಲಿ ಹಾಗಲ್ಲ. ಬಾಯಲ್ಲಿ ನೊರೆ ಅಂದರೆ ಹಾವು ಕಡಿದಿರಬೇಕು, ಇಲ್ಲ ಮೂರ್ಛೆ, ಇಲ್ಲ ಮೈ ಮುರಿಯುವಷ್ಟು ದುಡಿತ. ಸಿಟ್ಟಿಗೆ ನಾವು ಕೆಂಡ ಕಾರುತ್ತೇವೆ, ಉರಿದು ಬೀಳುತ್ತೇವೆ. ಅವರದು ನೀರಿನ ಸಿಟ್ಟು, ನಮ್ಮದು ಬೆಂಕಿಯ ಸಿಟ್ಟು. ಒಮ್ಮೆ ಒಬ್ಬ ವಿದ್ಯಾರ್ಥಿ ‘ಮಂತ್ರಿಯ ಬಾಯಲ್ಲಿ ನೊರೆ ಬಂತು’ ಅಂತ ಬರೆದಿದ್ದ. ಓದಿದವರು ಆಸ್ಪತ್ರೆಗೆ ಸೇರಿಸಿದರಾ ಅಂತ ಕೇಳಿದರು.

ಡಿಟಿಪಿ ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಕೂತು ತಿದ್ದಿದೆ.

ಪ್ಯಾಕೆಟ್ಟಿನವರಿಗೆ ಫೋನ್ ಮಾಡಿ ಕೇಳಿದೆ, ಅವರದು ಡಿಟರ್ಜೆಂಟೇ ಅಂತೆ. ಹಾಗಾಗಿ ‘ಚೆನ್ನಾಗಿ ನೊರೆ ಬಿಡುವ ತನಕ ಉಜ್ಜಿ. ಸೋಪಿನ ನೀರು ಪೂರ್ತಿ ಹೋಗುವ ತನಕ ಜಾಲಿಸಿ’ ಅಂತ ಹಾಕಿದೆ. ಲ್ಯಾದರ್ ಉಜ್ಜೋದರಲ್ಲಿ ಬಂತು, ಸಡ್ಸ್ ಸೋಪಿನ ನೀರಾಯಿತು. ‘ಸಮೃದ್ಧ’ ತೆಗೆದೆ. ಅದಕ್ಕೆ ಅವರು ಸ್ವಲ್ಪ ಗೊಣಗಿದರು. ನೊರೆ ಬಂದಷ್ಟೂ ಬಟ್ಟೆ ಚೊಕ್ಕ ಆಗಲ್ಲ ಅಂತ ನಾನು ಹೇಳಿದ ಮೇಲೆ ಸುಮ್ಮನಾದರು.

ಕಾಫಿಯವರದ್ದು ‘ನೊರೆ ಜಾಸ್ತಿ ಬೇಕಾದರೆ ಹೇಳಿ’. ಮೊದಲು ‘ಹೆಚ್ಚುವರಿ ನೊರೆ’ ಅಂತ ಹಾಕಿದ್ದೆ, ಹೆಚ್ಚುವರಿ ತೆರಿಗೆ ಇದ್ದ ಹಾಗೆ ಕೇಳಿಸಿತು.

ಬೆಣ್ಣೆ ಕಾವಲಿ

ನೊರೆ ಜಾಸ್ತಿ ಅಂದರೆ ಲೋಟದಲ್ಲಿ ಕಾಫಿ ಕಡಿಮೆ. ಅದಕ್ಕೂ ದುಡ್ಡು ಜಾಸ್ತಿ ತಗೋತಾರಾ?

ಡಿಟಿಪಿ ದಾವಣಗೆರೆ

ಹದಿನೈದು ರೂಪಾಯಿ ಅಣ್ಣ.

ಬೆಣ್ಣೆ ಕಾವಲಿ

ಎತ್ತರದಿಂದ ಲೋಟಕ್ಕೆ ಹೊಯ್ದು ಇಷ್ಟು ವರ್ಷ ಪುಕ್ಕಟೆ ಕೊಟ್ಟೆನಲ್ಲ ನಾನು.

ಅರಳೆ ಮಂಡಿ

ಹಾಸಿಗೆಗೆ ಕೊನೆಗೆ ಏನು ಬರೆದಿರಿ?

ಡಿಟಿಪಿ ದಾವಣಗೆರೆ

ಫೋಮ್ ಹಾಸಿಗೆ. ಮುಂದೆ ಸಾಂದ್ರತೆಯ ಅಂಕಿ. ಅಂಗಡಿಯವರು ನೋಡಿ, ‘ಮೊದಲೇ ಹೀಗೆ ಹಾಕೋಕೆ ಏನಾಗಿತ್ತಮ್ಮಾ’ ಅಂದರು.